ವಿಂಡೋಸ್‌ನಲ್ಲಿ ಕಮಾಂಡ್ ಔಟ್‌ಪುಟ್ ಅನ್ನು ಸಿ ಪ್ರೋಗ್ರಾಂ ಒಳಗೆ ತರುವುದು: ಸಮಗ್ರ ಮಾರ್ಗದರ್ಶಿ

ಸಿಸ್ಟಮ್ ಫಂಕ್ಷನ್ನಿಗೆ ಒಂದು ಕಮಾಂಡ್ ಕೊಟ್ಟರೆ ಅದು ಓಡುತ್ತದೆ, ಉತ್ತರ ಪರದೆಯ ಮೇಲೆ ಬೀಳುತ್ತದೆ. ನಮ್ಮ ಪ್ರೋಗ್ರಾಂ ಕೈಗೆ ಸಿಗುವುದು ಕಮಾಂಡ್ ಹೇಗೆ ಮುಗಿಯಿತು ಎಂಬ ಒಂದು ಸಂಖ್ಯೆ ಮಾತ್ರ. ಪರದೆಗೆ ಹೋದ ಆ ಅಕ್ಷರಗಳೇ ನಮಗೆ ವೇರಿಯಬಲ್‌ನಲ್ಲಿ ಬೇಕಾದರೆ ಬೇರೆ ದಾರಿ ಹಿಡಿಯಬೇಕು. ದಾರಿಗಳು ಮೂರಿವೆ: ತಾತ್ಕಾಲಿಕ ಫೈಲ್, ಪಿ-ಓಪನ್ ಎಂಬ ಫಂಕ್ಷನ್, ಮತ್ತು ನಾವೇ ಪೈಪ್ (ಒಂದು ಪ್ರೋಗ್ರಾಂ ಬರೆದದ್ದನ್ನು ಇನ್ನೊಂದು ಓದುವ ಕೊಳವೆ) ಕಟ್ಟಿ ಕಮಾಂಡನ್ನು ಹುಟ್ಟಿಸುವುದು. ಮೊದಲ ಎರಡು ಹತ್ತು ನಿಮಿಷದ ಕೆಲಸ. ಮೂರನೆಯದಕ್ಕೆ ಸಮಯ ಹಿಡಿಯುತ್ತದೆ, ಆದರೆ ಬೇರೆಯವರಿಗೆ ಕೊಡುವ ಪ್ರೋಗ್ರಾಂ ಬರೆಯುತ್ತಿದ್ದರೆ ಅದನ್ನೇ ಕಲಿಯಿರಿ ಎನ್ನುತ್ತೇನೆ.

ಈ ಕೆಲಸದಲ್ಲಿ ಪ್ರೋಗ್ರಾಂ ಅಲ್ಲಾಡದೆ ನಿಂತುಬಿಡುವ ಪ್ರಸಂಗಗಳಿಗೆಲ್ಲ ಹೆಚ್ಚುಕಡಿಮೆ ಕಾರಣ ಒಂದೇ. ಪೈಪ್‌ನ ಬರೆಯುವ ತುದಿ ಯಾರ ಯಾರ ಕೈಲಿದೆ, ಓದುವ ತುದಿಯಲ್ಲಿ ಯಾರಾದರೂ ಓದುತ್ತಿದ್ದಾರೆಯೇ ಎಂಬ ಲೆಕ್ಕ ತಪ್ಪಿರುತ್ತದೆ. ಮುಂದೆ ಓದುವಾಗ ಇದೊಂದನ್ನು ಮನಸ್ಸಿನಲ್ಲಿಡಿ.

ಫಂಕ್ಷನ್‌ಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ವಿಂಡೋಸ್ ಫಂಕ್ಷನ್‌ಗಳನ್ನು ಕೋಡ್‌ನಲ್ಲಿ ಬರೆಯುವಾಗ ಜಾಗ ಬಿಡದೆ ಕೂಡಿಸಿ, ಪ್ರತಿ ಪದದ ಮೊದಲ ಅಕ್ಷರವನ್ನು ಕ್ಯಾಪಿಟಲ್ ಮಾಡಿದರೆ ಸರಿಯಾದ ಹೆಸರು ಸಿಗುತ್ತದೆ (ಸಿಪಿಯಂಥ ಸಂಕ್ಷಿಪ್ತ ರೂಪದ ಎರಡೂ ಅಕ್ಷರ ಕ್ಯಾಪಿಟಲ್). ಪೈಪ್ ಕೆಲಸಕ್ಕೆ ವಿಂಡೋಸ್ ಡಾಟ್ ಎಚ್ ಹೆಡರ್ ಸಾಕು. ವಿಷುವಲ್ ಸ್ಟುಡಿಯೋ ಆಗಲಿ, ಮಿನ್‌ಜಿಡಬ್ಲ್ಯೂ ಆಗಲಿ, ಬೇರೆ ಲೈಬ್ರರಿ ಸೇರಿಸಬೇಕಿಲ್ಲ.

ನಿಜವಾಗಿಯೂ ಕಮಾಂಡ್ ಓಡಿಸಬೇಕೇ?

ಕಂಪ್ಯೂಟರಿನ ಐಪಿ ವಿಳಾಸ ಬೇಕೆಂದು ಐಪಿಕಾನ್ಫಿಗ್ ಓಡಿಸಿ, ಅದರ ಸಾಲುಗಳಲ್ಲಿ ಒಂದು ಪದ ಹುಡುಕುವ ಕೋಡ್ ಬಹಳ ಕಡೆ ಕಾಣುತ್ತದೆ. ವಿಂಡೋಸ್‌ನ ಭಾಷೆ ಬದಲಾದರೆ ಐಪಿಕಾನ್ಫಿಗ್ ಬರೆಯುವ ಪದಗಳೂ ಬದಲಾಗುತ್ತವೆ. ಜರ್ಮನ್ ವಿಂಡೋಸ್ ಇರುವವರ ಬಳಿ ನಿಮ್ಮ ಪ್ರೋಗ್ರಾಂಗೆ ಏನೂ ಸಿಗುವುದಿಲ್ಲ. ಅದೇ ಮಾಹಿತಿಯನ್ನು ಗೆಟ್ ಅಡಾಪ್ಟರ್ಸ್ ಅಡ್ರೆಸಸ್ ಫಂಕ್ಷನ್ ನೇರವಾಗಿ ಕೊಡುತ್ತದೆ. ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿಗೂ, ಫೋಲ್ಡರ್‌ನಲ್ಲಿರುವ ಫೈಲ್‌ಗಳ ಪಟ್ಟಿಗೂ ಹೀಗೆ ಫಂಕ್ಷನ್‌ಗಳಿವೆ. ಗಿಟ್, ಎಫ್‌ಎಫ್‌ಎಂಪೆಗ್, ಕಂಪೈಲರ್‌ನಂಥ ಹೊರಗಿನ ಸಾಧನಗಳ ವಿಷಯ ಬೇರೆ. ಅವುಗಳ ಉತ್ತರ ಹಿಡಿಯಲು ಔಟ್‌ಪುಟ್ ಓದುವುದೇ ಸರಿಯಾದ ದಾರಿ.

ತಾತ್ಕಾಲಿಕ ಫೈಲ್

ಕಮಾಂಡಿನ ಕೊನೆಗೆ > ಚಿಹ್ನೆ ಹಾಕಿ, ಒಂದು ಫೈಲ್ ಹೆಸರು ಕೊಟ್ಟು, ಸಿಸ್ಟಮ್ ಮೂಲಕ ಓಡಿಸಿ, ಆಮೇಲೆ ಫೈಲ್ ತೆರೆದು ಓದಿ, ಅಳಿಸಿ. ಎರರ್ ಸಂದೇಶಗಳೂ ಬೇಕಿದ್ದರೆ ಫೈಲ್ ಹೆಸರಿನ ನಂತರ 2>&1 ಸೇರಿಸಿ. > ಚಿಹ್ನೆಗೂ ಮುಂಚೆ ಹಾಕಿದರೆ ಎರರ್‌ಗಳು ಹಳೆಯ ಜಾಗಕ್ಕೇ, ಅಂದರೆ ಪರದೆಗೇ ಹೋಗುತ್ತವೆ. ಹೆಸರನ್ನು ನೀವೇ ಕಟ್ಟಬೇಡಿ, ಗೆಟ್ ಟೆಂಪ್ ಫೈಲ್ ನೇಮ್‌ನಿಂದ ಪಡೆಯಿರಿ. ಇಲ್ಲದಿದ್ದರೆ ಪ್ರೋಗ್ರಾಂನ ಎರಡು ಪ್ರತಿಗಳು ಒಟ್ಟಿಗೆ ಓಡಿದಾಗ ಒಂದರ ಫೈಲ್ ಮೇಲೆ ಇನ್ನೊಂದು ಬರೆಯುತ್ತದೆ. ಒಮ್ಮೆ ಓಡಿಸಿ ಬಿಸಾಡುವ ಕೋಡಿಗೆ ಇಷ್ಟು ಸಾಕು.

ಪಿ-ಓಪನ್: ಕನ್ಸೋಲ್ ಪ್ರೋಗ್ರಾಂಗೆ ಸುಲಭದ ದಾರಿ

ಮೈಕ್ರೋಸಾಫ್ಟ್‌ನ ಸಿ ಲೈಬ್ರರಿಯಲ್ಲಿ ಇದರ ಹೆಸರು ಅಂಡರ್‌ಸ್ಕೋರ್‌ನಿಂದ ಶುರುವಾಗುತ್ತದೆ. ಮುಚ್ಚಲು ಬಳಸುವ ಪಿ-ಕ್ಲೋಸ್ ಕೂಡ ಹಾಗೇ. ಕಮಾಂಡನ್ನೂ ಓದುವ ಮೋಡನ್ನೂ ಕೊಟ್ಟರೆ ಫೈಲ್ ಪಾಯಿಂಟರ್ ಸಿಗುತ್ತದೆ. ಎಫ್‌ಗೆಟ್ಸ್‌ನಿಂದ ಸಾಲು ಸಾಲಾಗಿ ಓದಿ, ಮುಗಿದ ಮೇಲೆ ಪಿ-ಕ್ಲೋಸ್ ಕರೆಯಿರಿ. ನಿಮ್ಮ ಬಫರ್‌ಗಿಂತ ಸಾಲು ಉದ್ದವಿದ್ದರೆ ಅದು ತುಂಡುತುಂಡಾಗಿ ಬರುತ್ತದೆ. ಕೊನೆಯಲ್ಲಿ ಹೊಸ ಸಾಲಿನ ಗುರುತು ಇದೆಯೇ ಎಂದು ನೋಡಿಯೇ ಸಾಲು ಪೂರ್ಣವಾಯಿತೆಂದು ತಿಳಿಯಿರಿ.

ಇಲ್ಲಿ ಎಡವುವ ಜಾಗಗಳು ಕೆಲವಿವೆ. ನಿಮ್ಮ ಕಮಾಂಡ್ ನೇರವಾಗಿ ಓಡುವುದಿಲ್ಲ, ವಿಂಡೋಸ್‌ನಲ್ಲಿ ಕಮಾಂಡ್‌ಗಳನ್ನು ಓಡಿಸುವ ಸಿಎಂಡಿ ಎಂಬ ಪ್ರೋಗ್ರಾಂ ಮೂಲಕ ಓಡುತ್ತದೆ. ಹಾಗಾಗಿ ಇಲ್ಲದ ಕಮಾಂಡ್ ಹೆಸರು ಕೊಟ್ಟರೂ ಪಿ-ಓಪನ್ ನಲ್ ಪಾಯಿಂಟರ್ ಕೊಡುವುದಿಲ್ಲ, ಏಕೆಂದರೆ ಸಿಎಂಡಿ ಸರಿಯಾಗಿಯೇ ಶುರುವಾಗಿರುತ್ತದೆ. ಕಮಾಂಡ್ ಸಿಗಲಿಲ್ಲವೆಂಬ ಸಂದೇಶ ಎರರ್ ದಾರಿಯಲ್ಲಿ ಹೋಗುತ್ತದೆ, ಪಿ-ಓಪನ್ ಆ ದಾರಿಯನ್ನು ಹಿಡಿಯುವುದಿಲ್ಲ. ಕಮಾಂಡಿನ ಕೊನೆಗೆ 2>&1 ಹಾಕಿದರೆ ಎರಡೂ ಒಟ್ಟಿಗೆ ಬರುತ್ತವೆ. ಪಿ-ಕ್ಲೋಸ್ ಕೊಡುವ ಸಂಖ್ಯೆಯನ್ನೂ ತಪ್ಪದೆ ನೋಡಿ.

ಇನ್ನೊಂದು ಉದ್ಧರಣ ಚಿಹ್ನೆಯ ತೊಡಕು. ಪ್ರೋಗ್ರಾಂನ ಫೈಲ್ ಇರುವ ಪಾತ್‌ನಲ್ಲಿ ಖಾಲಿ ಜಾಗವಿದ್ದರೆ ಅದನ್ನು ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಅದರ ಜೊತೆಗೆ ಆರ್ಗ್ಯುಮೆಂಟ್‌ನ ಸುತ್ತಲೂ ಅದೇ ಚಿಹ್ನೆ ಇದ್ದರೆ ಸಿಎಂಡಿ ಸಾಲಿನ ಮೊದಲ ಚಿಹ್ನೆಯನ್ನೂ ಕೊನೆಯದನ್ನೂ ಕಿತ್ತುಹಾಕುತ್ತದೆ, ಕಮಾಂಡ್ ಕುಲಗೆಡುತ್ತದೆ. ಇಡೀ ಸಾಲಿನ ಸುತ್ತ ಇನ್ನೊಂದು ಜೊತೆ ಉದ್ಧರಣ ಚಿಹ್ನೆ ಹಾಕಿ. ಸಿಎಂಡಿ ಹೊರಗಿನ ಜೊತೆಯನ್ನು ಕಿತ್ತಾಗ ಒಳಗಿನವು ಹಾಗೇ ಉಳಿಯುತ್ತವೆ.

ಕಿಟಕಿಗಳಿರುವ ಪ್ರೋಗ್ರಾಂನಲ್ಲಿ ಪಿ-ಓಪನ್ ಬಳಸಬೇಡಿ. ಅಲ್ಲಿ ಅದು ಕೆಲಸಕ್ಕೆ ಬಾರದ ಪಾಯಿಂಟರ್ ಕೊಟ್ಟು ಪ್ರೋಗ್ರಾಂ ನಿಂತುಬಿಡಬಹುದು ಎಂದು ಮೈಕ್ರೋಸಾಫ್ಟ್‌ನ ದಾಖಲೆಯೇ ಹೇಳುತ್ತದೆ. ಕಮಾಂಡಿಗೆ ಬರೆಯುವುದು, ಅದರಿಂದ ಓದುವುದು ಎರಡೂ ಬೇಕಿದ್ದರೂ ಇದರಿಂದ ಆಗದು.

ಪೈಪ್ ಕಟ್ಟಿ ಕಮಾಂಡ್ ಹುಟ್ಟಿಸುವುದು

ಉದಾಹರಣೆಗೆ ಪಿಂಗ್ ಕಮಾಂಡ್ ತೆಗೆದುಕೊಳ್ಳೋಣ: 127.0.0.1 ವಿಳಾಸಕ್ಕೆ ನಾಲ್ಕು ಸಲ ಪಿಂಗ್. ಇಂಟರ್ನೆಟ್ ಬೇಡ, ಎಲ್ಲ ವಿಂಡೋಸ್‌ನಲ್ಲೂ ಇರುತ್ತದೆ, ಸಾಲುಗಳ ನಡುವೆ ಒಂದೊಂದು ಸೆಕೆಂಡ್ ಬಿಡುವುದರಿಂದ ಓದುವಿಕೆ ಹೇಗೆ ನಡೆಯುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಹಂತ 1. ಸೆಕ್ಯುರಿಟಿ ಅಟ್ರಿಬ್ಯೂಟ್ಸ್ ಎಂಬ ರಚನೆಯೊಂದನ್ನು ಘೋಷಿಸಿ, ಅದರ ಅಳತೆ ತುಂಬಿ, ಹ್ಯಾಂಡಲ್ (ತೆರೆದ ಫೈಲ್, ಪೈಪ್‌ನಂಥವನ್ನು ಗುರುತಿಸಲು ವಿಂಡೋಸ್ ಕೊಡುವ ಸಂಖ್ಯೆ) ನಾವು ಹುಟ್ಟಿಸುವ ಕಮಾಂಡಿಗೂ ಆನುವಂಶಿಕವಾಗಿ ಹೋಗಬಹುದು ಎಂಬ ಜಾಗಕ್ಕೆ ಟ್ರೂ ಕೊಡಿ. ಇದನ್ನು ಕೊಟ್ಟು ಕ್ರಿಯೇಟ್ ಪೈಪ್ ಕರೆದರೆ ಎರಡು ಹ್ಯಾಂಡಲ್ ಸಿಗುತ್ತವೆ, ಒಂದು ಓದುವ ತುದಿ, ಇನ್ನೊಂದು ಬರೆಯುವ ತುದಿ.

ಹಂತ 2. ಓದುವ ತುದಿ ನಮಗೆ ಮಾತ್ರ ಸೇರಿದ್ದು. ಸೆಟ್ ಹ್ಯಾಂಡಲ್ ಇನ್ಫರ್ಮೇಶನ್ ಕರೆದು ಅದರ ಆನುವಂಶಿಕ ಗುರುತನ್ನು 0 ಮಾಡಿ. ಬಿಟ್ಟರೂ ಸಣ್ಣ ಪ್ರಯೋಗದಲ್ಲಿ ಎಲ್ಲ ಸರಿಯಾಗಿ ಓಡುತ್ತದೆ, ಹಾಗಾಗಿ ಬಹಳ ಜನ ಬಿಡುತ್ತಾರೆ. ಆದರೆ ಆಗ ನೀವು ಓದುವುದನ್ನು ನಡುವೆ ನಿಲ್ಲಿಸಿ ನಿಮ್ಮ ತುದಿ ಮುಚ್ಚಿದರೂ ಕಮಾಂಡಿಗೆ ಅದು ತಿಳಿಯುವುದಿಲ್ಲ, ಓದುವ ತುದಿಯ ಒಂದು ಪ್ರತಿ ಅದರ ಕೈಯಲ್ಲೇ ಇರುತ್ತದೆ.

ಹಂತ 3. ಸ್ಟಾರ್ಟಪ್ ಇನ್ಫೋ ರಚನೆಯನ್ನು ಪೂರ್ತಿ ಸೊನ್ನೆಯಿಂದ ತುಂಬಿ, ಅಳತೆ ಬರೆಯಿರಿ. ಸ್ಟ್ಯಾಂಡರ್ಡ್ ಹ್ಯಾಂಡಲ್‌ಗಳನ್ನು ನಾನೇ ಕೊಡುತ್ತೇನೆ ಎನ್ನುವ ಫ್ಲ್ಯಾಗ್ ಹಾಕಿ. ಔಟ್‌ಪುಟ್ ಮತ್ತು ಎರರ್ ಎರಡೂ ಜಾಗಕ್ಕೆ ಪೈಪ್‌ನ ಬರೆಯುವ ತುದಿಯನ್ನೇ ಕೊಡಿ. 2>&1 ಮಾಡುವ ಕೆಲಸ ಇದೇ. ಇನ್‌ಪುಟ್ ಜಾಗಕ್ಕೆ ನಲ್ (NUL) ಎಂಬ ಹೆಸರಿನ, ಓದಿದರೆ ಏನೂ ಕೊಡದ, ಬರೆದದ್ದನ್ನೆಲ್ಲ ನುಂಗುವ ಸಾಧನವನ್ನು ಆನುವಂಶಿಕವಾಗುವಂತೆ ಓದಲು ತೆರೆದು, ಆ ಹ್ಯಾಂಡಲ್ ಕೊಡಿ. ಆಗ ಹೌದೋ ಅಲ್ಲವೋ ಎಂದು ಕೇಳುವ ಕಮಾಂಡ್ ಕಾಣದ ಕೀಬೋರ್ಡಿಗಾಗಿ ಕಾಯುತ್ತ ಕೂರುವುದಿಲ್ಲ, ಓದಲು ಏನೂ ಇಲ್ಲವೆಂದು ತಕ್ಷಣ ತಿಳಿಯುತ್ತದೆ.

ಹಂತ 4. ಕಮಾಂಡ್ ಸಾಲನ್ನು ಬದಲಾಯಿಸಬಹುದಾದ ಅರೇಯಲ್ಲಿಡಿ. ಕಮಾಂಡನ್ನು ಹುಟ್ಟಿಸುವ ಕ್ರಿಯೇಟ್ ಪ್ರೊಸೆಸ್ ಫಂಕ್ಷನ್‌ನ ಯೂನಿಕೋಡ್ ರೂಪ ಆ ಸಾಲನ್ನು ಒಳಗೊಳಗೇ ತಿದ್ದಬಹುದು. ಪಾಯಿಂಟರ್‌ಗೆ ನೇರ ಸ್ಟ್ರಿಂಗ್ ಕೊಟ್ಟು ಕಳಿಸಿದರೆ ಪ್ರೋಗ್ರಾಂ ಕುಸಿದು ಬೀಳಬಹುದು.

ಹಂತ 5. ಕ್ರಿಯೇಟ್ ಪ್ರೊಸೆಸ್ ಕರೆಯಿರಿ. ಹ್ಯಾಂಡಲ್‌ಗಳು ಆನುವಂಶಿಕವಾಗಿ ಹೋಗಲಿ ಎಂಬ ಆರ್ಗ್ಯುಮೆಂಟ್ ಟ್ರೂ ಇರಬೇಕು. ಕಪ್ಪು ಕಿಟಕಿ ಮಿಂಚಿ ಮಾಯವಾಗುವುದು ಬೇಡವಾದರೆ ಕ್ರಿಯೇಟ್ ನೋ ವಿಂಡೋ ಫ್ಲ್ಯಾಗ್ ಸೇರಿಸಿ. ಪಿಂಗ್ ಒಂದು ಪ್ರತ್ಯೇಕ ಪ್ರೋಗ್ರಾಂ ಆದ್ದರಿಂದ ನೇರವಾಗಿ ಓಡುತ್ತದೆ. ಡಿರ್, ಎಕೋ, ಟೈಪ್ ಇವು ಸಿಎಂಡಿಯ ಒಳಗಿನ ಕಮಾಂಡ್‌ಗಳು, ಇವಕ್ಕೆ ಪ್ರತ್ಯೇಕ ಫೈಲ್ ಇಲ್ಲ. ಅವನ್ನು ಓಡಿಸಲು ಸಾಲಿನ ಮುಂದೆ ಸಿಎಂಡಿ /ಸಿ ಹಾಕಬೇಕು. ಬಳಕೆದಾರರು ಟೈಪ್ ಮಾಡಿದ ಪಠ್ಯವನ್ನು ಮಾತ್ರ ಸಿಎಂಡಿ ಸಾಲಿಗೆ ಹಾಗೇ ಅಂಟಿಸಬೇಡಿ. ಅದರಲ್ಲೊಂದು & ಚಿಹ್ನೆ ಇದ್ದರೆ ಅದರ ಮುಂದಿನದೆಲ್ಲ ಹೊಸ ಕಮಾಂಡ್ ಆಗಿ ಓಡುತ್ತದೆ.

ಹಂತ 6. ಕಮಾಂಡ್ ಹುಟ್ಟಿದ ಕೂಡಲೇ, ಓದಲು ಶುರುಮಾಡುವ ಮೊದಲು, ನಮ್ಮ ಬಳಿ ಇರುವ ಬರೆಯುವ ತುದಿಯನ್ನು ಕ್ಲೋಸ್ ಹ್ಯಾಂಡಲ್‌ನಿಂದ ಮುಚ್ಚಿ. ಇಡೀ ಕೆಲಸದಲ್ಲಿ ಹೆಚ್ಚು ಜನ ಮರೆಯುವ ಸಾಲು ಇದು. ಬರೆಯುವ ತುದಿಯ ಎಲ್ಲ ಪ್ರತಿಗಳೂ ಮುಚ್ಚಿದಾಗ ಮಾತ್ರ ಓದುವವರಿಗೆ ಮುಗಿಯಿತೆಂಬ ಸೂಚನೆ ಸಿಗುತ್ತದೆ. ಕಮಾಂಡ್ ತನ್ನ ಪ್ರತಿಯನ್ನು ಮುಚ್ಚಿ ಹೋದರೂ ನಮ್ಮ ಪ್ರತಿ ತೆರೆದೇ ಇದ್ದರೆ, ನಾವೇ ಬರೆಯಬಹುದೆಂದು ನಾವೇ ಕಾಯುತ್ತ ಕೂತಂತಾಗುತ್ತದೆ. ಪಿಂಗ್‌ನ ನಾಲ್ಕು ಉತ್ತರಗಳೂ ಬರುತ್ತವೆ, ಆಮೇಲೆ ಪ್ರೋಗ್ರಾಂ ಮುಂದಕ್ಕೆ ಹೋಗುವುದೇ ಇಲ್ಲ. ಈ ಲಕ್ಷಣ ಕಂಡರೆ ಮೊದಲು ಈ ಸಾಲು ಹುಡುಕಿ.

ಹಂತ 7. ರೀಡ್ ಫೈಲ್ ಅನ್ನು ಲೂಪ್‌ನಲ್ಲಿ ಕರೆದು, ಬಂದಷ್ಟು ಬೈಟ್‌ಗಳನ್ನು ಬೆಳೆಯುವ ಬಫರ್‌ಗೆ ಸೇರಿಸುತ್ತ ಹೋಗಿ. ಜಾಗ ಸಾಲದಾದಾಗ ರಿಅಲಾಕ್‌ನಿಂದ ಅಳತೆ ಎರಡು ಪಟ್ಟು ಮಾಡಿ. ಕೊನೆಗೆ ಹಾಕುವ ಸೊನ್ನೆ ಬೈಟಿಗೆ ಒಂದು ಜಾಗ ಯಾವಾಗಲೂ ಉಳಿದಿರಲಿ, ರೀಡ್ ಫೈಲ್ ಅದನ್ನು ಹಾಕುವುದಿಲ್ಲ. ಲೂಪ್ ಮುಗಿಯಬೇಕಾದದ್ದು ರೀಡ್ ಫೈಲ್ ಫಾಲ್ಸ್ ಕೊಟ್ಟಾಗ. ಆಗ ಗೆಟ್ ಲಾಸ್ಟ್ ಎರರ್ 109 ಕೊಟ್ಟರೆ ಅದು ತಪ್ಪಲ್ಲ. ಬ್ರೋಕನ್ ಪೈಪ್ ಎಂಬ ಆ ಸಂಖ್ಯೆಯೇ ಇಲ್ಲಿ ಸಹಜವಾದ ಅಂತ್ಯ. ಬೇರೆ ಸಂಖ್ಯೆ ಬಂದರೆ ಮಾತ್ರ ನಿಜವಾದ ತೊಂದರೆ. ಟ್ರೂ ಬಂದು ಬೈಟ್ ಸಂಖ್ಯೆ 0 ಇದ್ದರೂ ಅಂತ್ಯವೆಂದು ತಿಳಿಯಬೇಡಿ. ಆಚೆಯವರು ಸೊನ್ನೆ ಬೈಟ್ ಬರೆದಿದ್ದಾರೆ ಅಷ್ಟೇ, ಓದುತ್ತಲೇ ಇರಿ.

ಹಂತ 8. ಓದಿ ಮುಗಿದ ಮೇಲೆ ವೇಟ್ ಫಾರ್ ಸಿಂಗಲ್ ಆಬ್ಜೆಕ್ಟ್‌ನಿಂದ ಪ್ರೊಸೆಸ್ ಮುಗಿಯುವವರೆಗೆ ಕಾಯಿರಿ, ಗೆಟ್ ಎಕ್ಸಿಟ್ ಕೋಡ್ ಪ್ರೊಸೆಸ್‌ನಿಂದ ಫಲಿತಾಂಶದ ಸಂಖ್ಯೆ ತೆಗೆದುಕೊಳ್ಳಿ. ಕಾಯದೆ ಕೇಳಿದರೆ 259 ಬರಬಹುದು, ಇನ್ನೂ ಓಡುತ್ತಿದೆ ಎಂದರ್ಥ. ಪ್ರೊಸೆಸ್ ಹ್ಯಾಂಡಲ್, ಥ್ರೆಡ್ ಹ್ಯಾಂಡಲ್, ಓದುವ ತುದಿ, ನಲ್ ಹ್ಯಾಂಡಲ್ ನಾಲ್ಕನ್ನೂ ಮುಚ್ಚಿ.

ಏಳನೆಯ ಮತ್ತು ಎಂಟನೆಯ ಹಂತವನ್ನು ಅದಲುಬದಲು ಮಾಡಬೇಡಿ. ಮೊದಲು ಕಾದು ಆಮೇಲೆ ಓದುವ ಕೋಡ್ ಸಣ್ಣ ಔಟ್‌ಪುಟ್‌ನಲ್ಲಿ ಚೆನ್ನಾಗಿಯೇ ನಡೆಯುತ್ತದೆ, ಮೋಸವಿರುವುದು ಅಲ್ಲೇ. ಪೈಪ್‌ನ ಬಫರ್ ಚಿಕ್ಕದು. ಅದು ತುಂಬಿದ ಮೇಲೆ ಕಮಾಂಡ್ ಬರೆಯಲಾಗದೆ ನಿಲ್ಲುತ್ತದೆ, ನಾವು ಅದು ಮುಗಿಯಲೆಂದು ಕಾಯುತ್ತೇವೆ, ಇಬ್ಬರೂ ಕದಲುವುದಿಲ್ಲ. ನಾಲ್ಕು ಸಾಲಿನ ಪಿಂಗ್‌ನಲ್ಲಿ ಕಾಣದ ಈ ದೋಷ, ಸಾವಿರಾರು ಫೈಲ್‌ಗಳ ಫೋಲ್ಡರ್ ಮೇಲೆ ಡಿರ್ ಓಡಿಸಿದ ದಿನ ಹೊರಬರುತ್ತದೆ.

ಔಟ್‌ಪುಟ್ ಮತ್ತು ಎರರ್ ಬೇರೆಬೇರೆ ಬೇಕಾದರೆ

ಎರಡು ಪೈಪ್ ಕಟ್ಟಿ, ಆದರೆ ಒಂದನ್ನು ಪೂರ್ತಿ ಓದಿ ಆಮೇಲೆ ಇನ್ನೊಂದಕ್ಕೆ ಹೋಗಬೇಡಿ. ನೀವು ಮೊದಲನೆಯದನ್ನು ಓದುತ್ತಿರುವಾಗ ಎರಡನೆಯದು ತುಂಬಿದರೆ ಅದೇ ಕಗ್ಗಂಟು. ಲಿನಕ್ಸ್‌ನಿಂದ ಬಂದವರಿಗೆ ಹಲವು ಕಡೆ ಒಟ್ಟಿಗೆ ಕಾಯುವ ಸೆಲೆಕ್ಟ್ ಫಂಕ್ಷನ್ ನೆನಪಾಗುತ್ತದೆ, ಆದರೆ ವಿಂಡೋಸ್‌ನಲ್ಲಿ ಅದು ಸಾಕೆಟ್‌ಗಳಿಗೆ ಮಾತ್ರ. ಕ್ರಿಯೇಟ್ ಪೈಪ್ ಕೊಡುವ ಹೆಸರಿಲ್ಲದ ಪೈಪ್‌ಗಳಲ್ಲಿ ಓವರ್‌ಲ್ಯಾಪ್ಡ್ ಓದುವಿಕೆಯೂ (ಕಾಯದೆ ಹಿನ್ನೆಲೆಯಲ್ಲಿ ಓದುವುದು) ನಡೆಯದು. ಪ್ರತಿ ಪೈಪ್‌ಗೆ ಒಂದು ಥ್ರೆಡ್ (ಒಂದೇ ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಓಡುವ ಎಳೆ) ಕೊಡುವುದೇ ಸರಳ ಪರಿಹಾರ.

ಥ್ರೆಡ್ ಬಂದ ಮೇಲೆ ಇನ್ನೊಂದು ಎಚ್ಚರ. ನಿಮ್ಮ ಪ್ರೋಗ್ರಾಂನ ಎರಡು ಥ್ರೆಡ್‌ಗಳು ಒಂದೇ ಹೊತ್ತಿಗೆ ಎರಡು ಕಮಾಂಡ್ ಹುಟ್ಟಿಸಿದರೆ, ಒಂದರ ಬರೆಯುವ ತುದಿ ಇನ್ನೊಂದು ಕಮಾಂಡಿಗೂ ಆನುವಂಶಿಕವಾಗಿ ಹೋಗಿಬಿಡಬಹುದು. ಮೊದಲ ಕಮಾಂಡ್ ಮುಗಿದರೂ ಎರಡನೆಯದು ಮುಗಿಯುವವರೆಗೆ ಓದುವಿಕೆ ನಿಲ್ಲದು. ವಿಂಡೋಸ್ ವಿಸ್ಟಾದಿಂದ ಇದಕ್ಕೆ ಉಪಾಯವಿದೆ: ಸ್ಟಾರ್ಟಪ್ ಇನ್ಫೋದ ವಿಸ್ತೃತ ರೂಪದಲ್ಲಿ ಹ್ಯಾಂಡಲ್ ಲಿಸ್ಟ್ ಎಂಬ ಗುಣವನ್ನು ಸೇರಿಸಿ, ಈ ಕಮಾಂಡಿಗೆ ಹೋಗಬೇಕಾದ ಹ್ಯಾಂಡಲ್‌ಗಳನ್ನಷ್ಟೇ ಹೆಸರಿಸಬಹುದು.

ಕನ್ನಡ ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆ ಆಗದಂತೆ

ಕನ್ನಡದಲ್ಲಿ ಹೆಸರಿಟ್ಟ ಫೈಲ್‌ಗಳಿರುವ ಫೋಲ್ಡರ್ ಮೇಲೆ ಡಿರ್ ಓಡಿಸಿ, ಔಟ್‌ಪುಟ್ ಹಿಡಿದು ನೋಡಿ. ಹೆಸರುಗಳ ಜಾಗದಲ್ಲಿ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ ಕಾಣುವ ಸಾಧ್ಯತೆಯೇ ಹೆಚ್ಚು. ಇದು ನಿಮ್ಮ ಓದುವ ಕೋಡಿನ ತಪ್ಪಲ್ಲ, ಅಕ್ಷರಗಳು ಪೈಪ್‌ಗೆ ಬೀಳುವ ಮೊದಲೇ ಹಾಳಾಗಿವೆ. ಸಿಎಂಡಿ ಔಟ್‌ಪುಟ್ಟನ್ನು ಕನ್ಸೋಲ್‌ನ ಕೋಡ್ ಪೇಜ್‌ಗೆ (ಯಾವ ಅಕ್ಷರಕ್ಕೆ ಯಾವ ಬೈಟ್ ಎಂಬ ಪಟ್ಟಿ) ತಿರುಗಿಸಿ ಪೈಪ್‌ಗೆ ಬರೆಯುತ್ತದೆ. 437, 850ರಂಥ ಹಳೆಯ ಕೋಡ್ ಪೇಜ್‌ಗಳಲ್ಲಿ ಕನ್ನಡದ ಒಂದು ಅಕ್ಷರವೂ ಇಲ್ಲ. ಯುರೋಪಿನ ಭಾಷೆಗಳವರಿಗೆ ಕೋಡ್ ಪೇಜ್ ತಪ್ಪಿದರೂ ಒಂದೆರಡು ಅಕ್ಷರ ಕೆಡುತ್ತದೆ. ನಮಗೆ ಇಡೀ ಹೆಸರೇ ಹೋಗುತ್ತದೆ, ಮರಳಿ ಪಡೆಯುವ ದಾರಿಯೂ ಇರುವುದಿಲ್ಲ. ಅದಕ್ಕೇ ಕನ್ನಡದಲ್ಲಿ ಕೆಲಸ ಮಾಡುವವರು ಈ ಭಾಗವನ್ನು ಚೆನ್ನಾಗಿ ತಿಳಿದಿರಬೇಕು.

ಪರಿಹಾರ ಎರಡಿವೆ. ಮೊದಲನೆಯದು ಕಮಾಂಡಿನ ಮುಂದೆ ಕೋಡ್ ಪೇಜ್ ಬದಲಿಸುವುದು: ಸಿಎಂಡಿ /ಸಿ ಎಂದ ಮೇಲೆ ಸಿಎಚ್‌ಸಿಪಿ 65001, ಅದರ ಸಂದೇಶವನ್ನು ನಲ್‌ಗೆ ಕಳಿಸಿ, & ಹಾಕಿ, ನಂತರ ಡಿರ್. ಈಗ ಔಟ್‌ಪುಟ್ ಯುಟಿಎಫ್-8ರಲ್ಲಿ ಬರುತ್ತದೆ. ನಮ್ಮ ಪ್ರೋಗ್ರಾಂನಲ್ಲೇ ಸೆಟ್ ಕನ್ಸೋಲ್ ಔಟ್‌ಪುಟ್ ಸಿಪಿ ಕರೆದರೆ ಸಾಲದೇ ಎಂದು ಕೇಳಬಹುದು. ಪಿ-ಓಪನ್‌ಗೆ ಸಾಕು, ಅಲ್ಲಿ ಇಬ್ಬರಿಗೂ ಕನ್ಸೋಲ್ ಒಂದೇ. ಕ್ರಿಯೇಟ್ ನೋ ವಿಂಡೋ ಹಾಕಿದಾಗ ಮಾತ್ರ ಕಮಾಂಡಿಗೆ ಕಣ್ಣಿಗೆ ಕಾಣದ ಬೇರೆ ಕನ್ಸೋಲ್ ಸಿಗುತ್ತದೆ, ನಮ್ಮ ಬದಲಾವಣೆ ಅದಕ್ಕೆ ತಾಗುವುದಿಲ್ಲ.

ಎರಡನೆಯದು ಸಿಎಂಡಿಗೆ /ಯು ಸ್ವಿಚ್ ಕೊಡುವುದು. ಆಗ ಒಳಗಿನ ಕಮಾಂಡ್‌ಗಳ ಔಟ್‌ಪುಟ್ ಪೈಪ್‌ಗೆ ಯುಟಿಎಫ್-16ರಲ್ಲಿ ಬರುತ್ತದೆ, ಕೋಡ್ ಪೇಜ್‌ನ ಗೊಡವೆಯೇ ಇಲ್ಲ. ಇದು ಡಿರ್‌ನಂಥವಕ್ಕೆ ಮಾತ್ರ ಅನ್ವಯ, ಹೊರಗಿನ ಪ್ರೋಗ್ರಾಂಗಳು ತಮಗೆ ತೋಚಿದ ರೂಪದಲ್ಲೇ ಬರೆಯುತ್ತವೆ. ಹೀಗೆ ಬಂದ ಬೈಟ್‌ಗಳನ್ನು ಸ್ಟ್ರ್‌ಲೆನ್‌ಗೆ ಕೊಡಬೇಡಿ. ಇಂಗ್ಲಿಷ್ ಅಕ್ಷರಗಳ ನಡುವೆ ಸೊನ್ನೆ ಬೈಟ್ ಇರುವುದರಿಂದ ಮೊದಲ ಅಕ್ಷರಕ್ಕೇ ಸ್ಟ್ರಿಂಗ್ ಮುಗಿಯಿತು ಎನ್ನುತ್ತದೆ. ಪಿ-ಓಪನ್‌ನಲ್ಲಾದರೆ ಬೈನರಿ ಮೋಡ್ ಬೇಕೇ ಬೇಕು.

ಯುಟಿಎಫ್-8 ಆರಿಸಿಕೊಂಡವರು ಒಂದು ವಿಷಯ ಗಮನಿಸಿ. ಕನ್ನಡದ ಪ್ರತಿ ಅಕ್ಷರಚಿಹ್ನೆಗೆ ಮೂರು ಬೈಟ್ ಬೇಕು: ‘ಕ’ ಅಂದರೆ 224, 178, 149. ರೀಡ್ ಫೈಲ್‌ಗೆ ಅಕ್ಷರ ಗೊತ್ತಿಲ್ಲ, ಬೈಟ್ ಮಾತ್ರ ಗೊತ್ತು. 4096 ಬೈಟ್‌ನ ತುಂಡು ಮುಗಿಯುವಾಗ 224, 178 ಈ ತುಂಡಿನಲ್ಲೂ 149 ಮುಂದಿನದರಲ್ಲೂ ಬರಬಹುದು. ತುಂಡು ಬಂದ ಹಾಗೇ ಮಲ್ಟಿ ಬೈಟ್ ಟು ವೈಡ್ ಚಾರ್‌ಗೆ ಕೊಟ್ಟರೆ ಸೀಳಿದ ಅಕ್ಷರದ ಜಾಗದಲ್ಲಿ ಕಸ ಬರುತ್ತದೆ, ಅದೂ ಔಟ್‌ಪುಟ್ ಉದ್ದವಿದ್ದಾಗ ಮಾತ್ರ, ಎಲ್ಲೋ ಒಂದು ಕಡೆ. ಎಲ್ಲ ಬೈಟ್ ಕೂಡಿಸಿದ ಮೇಲೆ ಒಮ್ಮೆಗೇ ಪರಿವರ್ತಿಸಿ. ಸಾಲು ಸಾಲಾಗಿ ತೋರಿಸಲೇಬೇಕಿದ್ದರೆ ಕೊನೆಯ ಹೊಸ ಸಾಲಿನವರೆಗಿನದನ್ನಷ್ಟೇ ಪರಿವರ್ತಿಸಿ, ಉಳಿದದ್ದನ್ನು ಮುಂದಿನ ತುಂಡಿಗೆ ಇಟ್ಟುಕೊಳ್ಳಿ. ಬೈಟ್ 10 ಯುಟಿಎಫ್-8ರಲ್ಲಿ ಯಾವ ಕನ್ನಡ ಅಕ್ಷರದ ಒಳಗೂ ಬರುವುದಿಲ್ಲ, ಅಲ್ಲಿ ಕತ್ತರಿಸಿದರೆ ಭಯವಿಲ್ಲ. ಸಾಲಿನ ಕೊನೆಗೆ 10ರ ಹಿಂದೆ ಬರುವ 13ನ್ನು ತೆಗೆಯಲು ಮರೆಯಬೇಡಿ.

ಔಟ್‌ಪುಟ್ ತಡವಾಗಿ ಬರುತ್ತಿದ್ದರೆ

ಪರದೆಯಲ್ಲಿ ಸಾಲು ಸಾಲಾಗಿ ಬರೆಯುವ ಪ್ರೋಗ್ರಾಂ ನಿಮ್ಮ ಪೈಪ್‌ಗೆ ಮಾತ್ರ ಕೊನೆಯಲ್ಲಿ ಒಟ್ಟಿಗೆ ಸುರಿಯಬಹುದು. ಔಟ್‌ಪುಟ್ ಕನ್ಸೋಲ್‌ಗೆ ಹೋಗುತ್ತಿಲ್ಲವೆಂದು ತಿಳಿದಾಗ ಅದರ ಸಿ ಲೈಬ್ರರಿ ಬೈಟ್‌ಗಳನ್ನು ತನ್ನಲ್ಲೇ ಕೂಡಿಟ್ಟುಕೊಳ್ಳುತ್ತದೆ. ಓದುವ ಕಡೆ ಏನು ಮಾಡಿದರೂ ಇದು ಸರಿಹೋಗದು. ಆ ಪ್ರೋಗ್ರಾಂ ನಿಮ್ಮದೇ ಆಗಿದ್ದರೆ ಅದರಲ್ಲಿ ಎಫ್‌ಫ್ಲಶ್ ಸೇರಿಸಿ, ಇಲ್ಲವೇ ಸೆಟ್‌ವಿಬಫ್‌ನಿಂದ ಬಫರ್ ತೆಗೆದುಬಿಡಿ. ಸಾಲಿನ ಬಫರಿಂಗ್ ಕೇಳಬೇಡಿ, ಮೈಕ್ರೋಸಾಫ್ಟ್‌ನ ಲೈಬ್ರರಿ ಅದನ್ನೂ ಪೂರ್ಣ ಬಫರಿಂಗ್ ಎಂದೇ ನಡೆಸುತ್ತದೆ. ಪೈಥಾನ್ ಸ್ಕ್ರಿಪ್ಟ್ ಆದರೆ -ಯು ಸ್ವಿಚ್ ಇದೆ. ಬೇರೆಯವರ ಪ್ರೋಗ್ರಾಂ ಆಗಿದ್ದು ಬೇರೆ ದಾರಿಯೇ ಇಲ್ಲದಿದ್ದರೆ, ವಿಂಡೋಸ್ 10ರ 1809 ಆವೃತ್ತಿಯಿಂದ ಬಂದ ಕ್ರಿಯೇಟ್ ಸೂಡೋ ಕನ್ಸೋಲ್ ನೋಡಿ. ಅದು ಕಮಾಂಡಿಗೆ ನಿಜವಾದ ಕನ್ಸೋಲ್ ಇದೆಯೆಂದೇ ತೋರಿಸುತ್ತದೆ. ಬಣ್ಣ, ಕರ್ಸರ್ ಚಲನೆಯ ಸಂಕೇತಗಳೂ ಔಟ್‌ಪುಟ್‌ನಲ್ಲಿ ಸೇರಿ ಬರುತ್ತವೆ, ಅವನ್ನು ಸೋಸುವ ಕೆಲಸ ನಿಮ್ಮದು.

ಸಮಯದ ಮಿತಿ

ಮುಗಿಯದ ಕಮಾಂಡನ್ನು ಹತ್ತು ಸೆಕೆಂಡಿಗೆ ನಿಲ್ಲಿಸಬೇಕು ಎಂದಿಟ್ಟುಕೊಳ್ಳಿ. ಓದುವ ಲೂಪನ್ನು ಇನ್ನೊಂದು ಥ್ರೆಡ್‌ಗೆ ಹಾಕಿ. ಮುಖ್ಯ ಥ್ರೆಡ್ 10000 ಮಿಲಿಸೆಕೆಂಡ್ ಮಿತಿಯಲ್ಲಿ ಪ್ರೊಸೆಸ್‌ಗಾಗಿ ಕಾಯಲಿ. 258 ಬಂದರೆ ಸಮಯ ಮೀರಿತು ಎಂದರ್ಥ, ಕಮಾಂಡನ್ನು ಕೊಲ್ಲಿ. ಬರೆಯುವ ತುದಿ ಮುಚ್ಚಿದ ಕೂಡಲೇ ಓದುವ ಥ್ರೆಡ್ ತಾನಾಗಿ ಮುಗಿಯುತ್ತದೆ, ಅಷ್ಟರವರೆಗೆ ಬಂದ ಔಟ್‌ಪುಟ್ ನಿಮ್ಮ ಕೈಲಿರುತ್ತದೆ.

ಆದರೆ ಸಿಎಂಡಿ /ಸಿ ಮೂಲಕ ಕೊನೆಯಿಲ್ಲದ ಪಿಂಗ್ ಓಡಿಸಿ ಟರ್ಮಿನೇಟ್ ಪ್ರೊಸೆಸ್ ಕರೆದು ನೋಡಿ. ಸಾಯುವುದು ಸಿಎಂಡಿ, ಅದರ ಮಗುವಾದ ಪಿಂಗ್ ಓಡುತ್ತಲೇ ಇರುತ್ತದೆ, ಬರೆಯುವ ತುದಿಯೂ ಅದರ ಕೈಲೇ. ಇದಕ್ಕೆ ಜಾಬ್ ಆಬ್ಜೆಕ್ಟ್ ಬೇಕು, ಅಂದರೆ ಹಲವು ಪ್ರೊಸೆಸ್‌ಗಳನ್ನು ಒಂದೇ ಗುಂಪಾಗಿ ಹಿಡಿದಿಡುವ ವಿಂಡೋಸ್ ವ್ಯವಸ್ಥೆ. ಕ್ರಿಯೇಟ್ ಜಾಬ್ ಆಬ್ಜೆಕ್ಟ್‌ನಿಂದ ಒಂದು ಜಾಬ್ ಮಾಡಿ, ಜಾಬ್ ಮುಚ್ಚಿದಾಗ ಒಳಗಿನವರೆಲ್ಲ ಸಾಯಲಿ ಎಂಬ ಮಿತಿ ಹಾಕಿ. ಕಮಾಂಡನ್ನು ನಿಂತ ಸ್ಥಿತಿಯಲ್ಲೇ ಹುಟ್ಟಿಸಿ, ಅಸೈನ್ ಪ್ರೊಸೆಸ್ ಟು ಜಾಬ್ ಆಬ್ಜೆಕ್ಟ್‌ನಿಂದ ಜಾಬ್‌ಗೆ ಸೇರಿಸಿ, ಆಮೇಲೆ ರೆಸ್ಯೂಮ್ ಥ್ರೆಡ್ ಕರೆಯಿರಿ. ಓಡುತ್ತಿರುವಾಗ ಸೇರಿಸಿದರೆ ಅಷ್ಟರಲ್ಲಿ ಹುಟ್ಟಿದ ಮಗು ಜಾಬ್‌ನಿಂದ ಹೊರಗುಳಿಯಬಹುದು.

ಪರೀಕ್ಷೆ

ನಾಲ್ಕು ಸಲದ ಪಿಂಗ್ ಒಂದಕ್ಕೇ ನಿಲ್ಲಿಸಬೇಡಿ. ಸಿಸ್ಟಮ್32 ಫೋಲ್ಡರ್ ಮೇಲೆ ಡಿರ್ /ಎಸ್ ಓಡಿಸಿ, ದೊಡ್ಡ ಔಟ್‌ಪುಟ್‌ಗೆ ತಡೆಯುತ್ತದೆಯೇ ನೋಡಿ. ಪಾಸ್ ಕಮಾಂಡ್ ಓಡಿಸಿ, ಕೀ ಒತ್ತಲಿ ಎಂದು ಕಾಯದೆ ಮುಗಿಯಬೇಕು. ಇಲ್ಲದ ಕಮಾಂಡ್ ಕೊಡಿ: ನೇರವಾಗಿ ಕೊಟ್ಟರೆ ಕ್ರಿಯೇಟ್ ಪ್ರೊಸೆಸ್ ಸೋತು ಗೆಟ್ ಲಾಸ್ಟ್ ಎರರ್ 2 ಎನ್ನಬೇಕು, ಸಿಎಂಡಿ ಮೂಲಕ ಕೊಟ್ಟರೆ ಎರರ್ ಸಂದೇಶ ಬಫರ್‌ನಲ್ಲಿ ಸಿಗಬೇಕು. ಕನ್ನಡ ಹೆಸರಿನ ಫೈಲ್‌ಗಳನ್ನು ನೂರಾರು ಮಾಡಿ ಡಿರ್ ಓದಿಸಿ, ಒಂದೂ ಅಕ್ಷರ ಸೀಳಿಲ್ಲವೆಂದು ಖಚಿತಪಡಿಸಿಕೊಳ್ಳಿ. ಕೊನೆಗೆ ಇದನ್ನೆಲ್ಲ ಒಂದು ಲೂಪ್‌ನಲ್ಲಿ ಸಾವಿರ ಸಲ ಓಡಿಸಿ, ಟಾಸ್ಕ್ ಮ್ಯಾನೇಜರ್‌ನ ವಿವರಗಳ ಟ್ಯಾಬ್‌ನಲ್ಲಿ ಹ್ಯಾಂಡಲ್‌ಗಳ ಕಾಲಂ ಸೇರಿಸಿಕೊಂಡು ನೋಡುತ್ತಿರಿ. ಆ ಸಂಖ್ಯೆ ಏರುತ್ತಲೇ ಹೋದರೆ ಯಾವುದೋ ಒಂದು ದಾರಿಯಲ್ಲಿ, ಹೆಚ್ಚಾಗಿ ಎರರ್ ಬಂದು ನಡುವೆಯೇ ಹಿಂದಿರುಗುವ ದಾರಿಯಲ್ಲಿ, ಒಂದು ಕ್ಲೋಸ್ ಹ್ಯಾಂಡಲ್ ಬಿಟ್ಟುಹೋಗಿದೆ.